ಸಭಿಕನ ಪಾಲು

ಕೆಲವು ವರ್ಷಗಳ ಹಿಂದಿನ ಮಾತು. ಲಾಯಿಲದ ಬಸ್ಸು ತಂಗುದಾಣದಲ್ಲಿ ಒಂದು ಸಂಜೆ ಬೆಳ್ತಂಗಡಿಯ ಬಸ್ಸಿಗಾಗಿ ಕಾದಿದ್ದೆ. ನಮ್ಮ ತರಗತಿಯ ಹುಡುಗನೊಬ್ಬ ಮೂಲೆಯಲ್ಲಿ ಮೊಬೈಲಿಗೆ ಮುಖವಿಟ್ಟು ಕುಳಿತಿದ್ದ. ಪರೀಕ್ಷಾ ಶುಲ್ಕ ಕಟ್ಟದವರ ಪಟ್ಟಿಯಲ್ಲಿ ಅವನ ಹೆಸರನ್ನು ಅಂದೇ ನೋಡಿದ್ದೆನಾದ್ದರಿಂದ ವಿಚಾರಿಸಿದೆ. ಬಹಳ ಹೊತ್ತು ತಡವರಿಸಿ, ಮನೆಯಲ್ಲಿ ಅಡಕೆ ಮಾರಿ ಕೊಟ್ಟ ಹಣ ರಮ್ಮಿ ಆಟದಲ್ಲಿ ಹೋಯಿತೆಂದ. “ಆದರೆ ಅದು ಜೂಜಲ್ಲ ಸರ್, ಜಾಣ್ಮೆಯ ಆಟ” ಎಂದೂ ಸೇರಿಸಿದ. “ಆಗಲಿ; ನಿನ್ನ ಹಣವನ್ನು ಗೆದ್ದವರಾರು?” ಎಂದು ಕೇಳಿದೆ. “ಗೊತ್ತಿಲ್ಲ ಸರ್” ಎಂದ. ಆ ವಾರವೇ ನಾನು ಕುಮಾರವ್ಯಾಸನ ದ್ಯೂತಪ್ರಸಂಗವನ್ನು ಪಾಠ ಹೇಳಿದ್ದೆ. ಧರ್ಮರಾಯನನ್ನು ಗೆದ್ದವನು ಶಕುನಿಯೆಂದು ಆ ಹುಡುಗನೂ ಬರೆದುಕೊಂಡಿದ್ದ. ತನ್ನನ್ನು ಗೆದ್ದವನ ಹೆಸರು ಮಾತ್ರ ಅವನಿಗೆ ತಿಳಿಯದು.

ಆ ಹೆಸರನ್ನು ನಮ್ಮ ಹಿಂದಿನವರು ಬಲ್ಲರು. ಇಂದು ನಾವು ಭಾಷಣ ಕೇಳಲು ಬಂದವರನ್ನು ಸಭಿಕರೆನ್ನುತ್ತೇವೆ. ಧರ್ಮಶಾಸ್ತ್ರದ ಪರಿಭಾಷೆಯಲ್ಲಾದರೋ ಸಭಿಕನೆಂದರೆ ಜೂಜಿನ ಸಭೆಯನ್ನು ನಡೆಸುವವನು. ಗೆದ್ದವನಿಂದ ಪಾಲು ಪಡೆದು, ಅದರಲ್ಲಿ ರಾಜನ ಭಾಗವನ್ನು ಸಲ್ಲಿಸುವವನು. ಯಾಜ್ಞವಲ್ಕ್ಯ ಸ್ಮೃತಿಯು ದೊಡ್ಡ ಗೆಲುವಿನಲ್ಲಿ ನೂರಕ್ಕೆ ಐದನ್ನು ಅವನಿಗೆ ವಿಧಿಸುತ್ತದೆ. ಆ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿದ್ದವನು. ಕೌಟಿಲ್ಯನಂತೂ ದ್ಯೂತಾಧ್ಯಕ್ಷನೆಂಬ ಅಧಿಕಾರಿಯನ್ನೇ ನಿಲ್ಲಿಸಿ, ಗೆಲುವಿನ ನೂರಕ್ಕೆ ಐದರ ಜೊತೆಗೆ ದಾಳದ ಬಾಡಿಗೆಯನ್ನೂ ನೀರಿನ ಮತ್ತು ಸ್ಥಳದ ಶುಲ್ಕಗಳನ್ನೂ ವಸೂಲು ಮಾಡಿಸುತ್ತಾನೆ. ಮನುವು ಜೂಜನ್ನು ರಾಜ್ಯದಿಂದಲೇ ಹೊರಗಟ್ಟಬೇಕೆಂದ. ನಿಷೇಧಿಸಬೇಕೆ, ಬೊಕ್ಕಸ ತುಂಬಿಕೊಳ್ಳಬೇಕೆ ಎಂಬ ವಾದ ಇಂದಿನದಲ್ಲ.

ನೂರಕ್ಕೆ ಐದು ಅಲ್ಪವೆಂದು ತೋರಬಹುದು. ಆದರೆ ನೂರು ರೂಪಾಯಿ ಹದಿನಾಲ್ಕು ಸಲ ಕೈ ಬದಲಾಯಿಸಲಿ. ಪ್ರತಿ ಸಲವೂ ಸಭಿಕನು ಆ ಪ್ರಕಾರ ತೆಗೆದುಕೊಳ್ಳಲಿ. ಕಡೆಗೆ ಆಟಗಾರರ ನಡುವೆ ಉಳಿಯುವುದು ನಲವತ್ತೊಂಬತ್ತಕ್ಕಿಂತ ಕಡಿಮೆ. ಒಬ್ಬನು ಗೆದ್ದಿರಬಹುದು, ಇನ್ನೊಬ್ಬನು ಸೋತಿರಬಹುದು. ಅರ್ಧಕ್ಕಿಂತ ಹೆಚ್ಚು ಹಣ ಇಬ್ಬರದೂ ಅಲ್ಲ.

ಶಾಸ್ತ್ರಕಾರರು ದಾಳ ಮೊದಲಾದ ನಿರ್ಜೀವ ವಸ್ತುಗಳಿಂದ ಆಡುವುದನ್ನು ದ್ಯೂತವೆಂದೂ, ಕೋಳಿ ಟಗರುಗಳಂತಹ ಜೀವಿಗಳ ಮೇಲೆ ಪಣವಿಡುವುದನ್ನು ಸಮಾಹ್ವಯವೆಂದೂ ಕರೆದರು. ನಮ್ಮ ತುಳುನಾಡಿನ ಕೋಳಿ ಅಂಕದಲ್ಲಿ ಪಣ ಕಟ್ಟುವುದು ಎರಡನೆಯ ಬಗೆಯದು. ಕೋಳಿಯ ಕಾಲಿಗೆ ಕಿರುಗತ್ತಿ ಕಟ್ಟುವ ಕ್ರೌರ್ಯವನ್ನು ಸಮರ್ಥಿಸುವುದು ನನ್ನ ಉದ್ದೇಶವಲ್ಲ. ಆದರೆ ಅಲ್ಲಿ ಸೋತವನನ್ನು ಊರಿನ ನಾಲ್ಕು ಜನ ನೋಡುತ್ತಿದ್ದರು. ಮಾವನೋ ಅಣ್ಣನೋ ರಟ್ಟೆ ಹಿಡಿದು ಮನೆಗೆ ಕರೆದೊಯ್ಯುವುದು ಸಾಧ್ಯವಿತ್ತು. ಮೊಬೈಲಿನ ಸಭೆಗೆ ಕತ್ತಲೆಯೂ ಇಲ್ಲ, ನೆರೆಹೊರೆಯೂ ಇಲ್ಲ.

ಆ ಸಭೆ ಎಷ್ಟು ದೊಡ್ಡದೆಂಬುದಕ್ಕೆ ತೆರಿಗೆಯ ಲೆಕ್ಕವೇ ಸಾಕ್ಷಿ. ನೆರೆಯ ಗೋವೆಯು 1992ರಲ್ಲಿ ಪಂಚತಾರಾ ಹೋಟೆಲುಗಳ ಜೂಜಿನ ಯಂತ್ರಗಳಿಗೂ, 1996ರಲ್ಲಿ ಹಡಗುಗಳಿಗೂ ಕಾನೂನಿನ ಬಾಗಿಲು ತೆರೆಯಿತು. ಮಾಂಡವಿಯ ಮೇಲಿನ ಆ ಕ್ಯಾಸಿನೊಗಳ ದೀಪಮಾಲೆಯನ್ನು ಕಂಡು ಬೆರಗಾಗದವರಿಲ್ಲ. 2023ರ ಅಕ್ಟೋಬರ್ 1ರಿಂದ ಕೇಂದ್ರವು ಆನ್‌ಲೈನ್ ಆಟಗಳ ಮೇಲೆ, ಸಭಿಕನ ಪಾಲಿಗಷ್ಟೇ ಅಲ್ಲ, ಆಟಗಾರನು ಕಟ್ಟಿದ ಪೂರ್ತಿ ಹಣಕ್ಕೆ ಶೇಕಡಾ 28ರಷ್ಟು ತೆರಿಗೆ ವಿಧಿಸಿತು. ಆರು ತಿಂಗಳಲ್ಲಿ ಆ ಬಾಬಿನ ವರಮಾನ 1,349 ಕೋಟಿ ರೂಪಾಯಿಯಿಂದ 6,909 ಕೋಟಿಗೇರಿತೆಂದು 2024ರ ಸೆಪ್ಟೆಂಬರಿನಲ್ಲಿ ಸರ್ಕಾರ ತಿಳಿಸಿತು. ಅದೇ ಅವಧಿಯಲ್ಲಿ ಕ್ಯಾಸಿನೊಗಳಿಂದ ಬಂದದ್ದು 214 ಕೋಟಿ. ದೀಪಮಾಲೆಯ ಹಡಗಿಗಿಂತ ತಂಗುದಾಣದ ಮೂಲೆಯ ಮೊಬೈಲು ಮೂವತ್ತು ಪಾಲು ಹೆಚ್ಚು ತೆತ್ತಿತು! ಅಮೆರಿಕದಲ್ಲಿಯೂ 2024ರಲ್ಲಿ ಜೂಜಿನ ಉದ್ಯಮದ ಆದಾಯ ಸುಮಾರು 7,200 ಕೋಟಿ ಡಾಲರಿಗೆ ಏರಿತು. ಅದರ ಹತ್ತರಲ್ಲಿ ಮೂರು ಪಾಲು ಆನ್‌ಲೈನಿನದು. ಇಂತಹ ಅಂಕಿಗಳನ್ನು ಓದುವಾಗ ‘ಆದಾಯ’ವೆಂದಿರುವಲ್ಲಿ ಒಮ್ಮೆ ‘ಸೋತವರ ನಷ್ಟ’ ಎಂದು ಓದಿಕೊಂಡರೆ ಅರ್ಥವೇನೂ ಕೆಡುವುದಿಲ್ಲ. ನಮ್ಮ ದೇಶದಲ್ಲಿ 45 ಕೋಟಿ ಜನ ವರ್ಷಕ್ಕೆ ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿರುವರೆಂದು ಸರ್ಕಾರವೇ 2025ರಲ್ಲಿ ಅಂದಾಜು ಮಾಡಿತು.

ಇನ್ನು ಹುಡುಗನ ‘ಜಾಣ್ಮೆ’ಯ ಮಾತು. ಅದು ಅವನೊಬ್ಬನ ವಾದವಲ್ಲ. ಪಣವಿಟ್ಟಾಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕರ್ನಾಟಕವು 2021ರಲ್ಲಿ ಮಾಡಿದ ತಿದ್ದುಪಡಿಯನ್ನು ಉಚ್ಚ ನ್ಯಾಯಾಲಯವು 2022ರ ಫೆಬ್ರವರಿ 14ರಂದು ತಳ್ಳಿಹಾಕಿದ್ದು, ಜಾಣ್ಮೆಯ ಆಟಕ್ಕೂ ಅದೃಷ್ಟದ ಆಟಕ್ಕೂ ಭೇದವುಂಟೆಂಬ ನೆಲೆಯಲ್ಲಿಯೇ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಶಾಸನವು ಆ ಭೇದವನ್ನು ಬಿಟ್ಟು, ಹಣವಿಟ್ಟಾಡುವ ಆನ್‌ಲೈನ್ ಆಟವೆಲ್ಲವನ್ನೂ ನಿಷೇಧದೊಳಗೆ ತಂದಿತು. ಅದರ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯವನ್ನು ಸೇರಿತು. ನ್ಯಾಯದ ಮಾತನ್ನು ನ್ಯಾಯಾಧೀಶರಿಗೆ ಬಿಡೋಣ. ಸಾಹಿತ್ಯದ ವಿದ್ಯಾರ್ಥಿ ಇಷ್ಟನ್ನು ನೆನೆಯಬಹುದು: ಹಸ್ತಿನಾವತಿಯ ಆಟದಲ್ಲಿಯೂ ಜಾಣ್ಮೆಯಿತ್ತು, ಅದು ಶಕುನಿಯ ಬಳಿಯಿತ್ತು. ನಳನು ಋತುಪರ್ಣನಿಂದ ಅಕ್ಷಹೃದಯವನ್ನು ಕಲಿತದ್ದು ರಾಜ್ಯ ಕಳೆದುಕೊಂಡ ಮೇಲೆ. ಜಾಣ್ಮೆಯುಳ್ಳವನು ಇಲ್ಲದವನನ್ನು ಕರೆದು ಕೂರಿಸಿದಾಗ ಆಟ ಜೂಜಿಗಿಂತ ಮೇಲಾಗುವುದಿಲ್ಲ.

ವರಮಾನವಿದೆಯೆಂದು ಬಿಡಲಾಗದೆಂಬ ಮಾತೂ ನಿಲ್ಲದು. 2007ರಲ್ಲಿ ಕರ್ನಾಟಕವು ಲಾಟರಿಯನ್ನು ನಿಲ್ಲಿಸಿತು; ಅದರಿಂದ ನಾಡು ಬಡವಾಗಲಿಲ್ಲ.

ಆ ಹುಡುಗ ದಂಡದೊಡನೆ ಶುಲ್ಕ ಕಟ್ಟಿ ಪರೀಕ್ಷೆಗೆ ಕುಳಿತ, ತೇರ್ಗಡೆಯೂ ಆದ. ಅಂದಿನಿಂದ ದ್ಯೂತಪ್ರಸಂಗವನ್ನು ಪಾಠ ಹೇಳುವಾಗಲೆಲ್ಲ ನಾನೊಂದು ಪ್ರಶ್ನೆ ಕೇಳುತ್ತೇನೆ: “ಈ ಸಭೆಯ ಸಭಿಕನಾರು?” ಮಕ್ಕಳು ಶಕುನಿಯೆನ್ನುತ್ತಾರೆ, ದುರ್ಯೋಧನನೆನ್ನುತ್ತಾರೆ. ಸಭಾಭವನವನ್ನು ಕಟ್ಟಿಸಿದವನು ಧೃತರಾಷ್ಟ್ರ. ದಾಳವನ್ನು ಅವನು ಮುಟ್ಟಲಿಲ್ಲ. ಗೆಲುವಾಯಿತೇ ಎಂದು ಮತ್ತೆ ಮತ್ತೆ ವಿಚಾರಿಸುತ್ತ ಕುಳಿತಿದ್ದ. ಸೋತವನ ಮುಖ ಅವನಿಗೆ ಕಾಣುತ್ತಿರಲಿಲ್ಲ.