ಅಟ್ಟದಿಂದ ಇಳಿದ ಹಿತ್ತಾಳೆ ಸ್ಟೌ

ಅಜ್ಜನ ಹಳೆಯ ಟ್ರಂಕು ತೆರೆದಾಗ ತಗಡಿನ ಪುಟ್ಟ ಡಬ್ಬಿಯೊಂದು ಸಿಗುತ್ತದೆ. ಒಳಗೆ ಕಿಲುಬು ಹಿಡಿದ ಹಿತ್ತಾಳೆ ಟ್ಯಾಂಕು, ಬಿಚ್ಚಿಟ್ಟ ಮೂರು ಕಾಲುಗಳು, ಒಂದು ಬರ್ನರ್, ನಾಲ್ಕಾರು ಪಿನ್ನುಗಳು. ಗುಡಾರ ಹೂಡಿ ಬೆಟ್ಟ ಸುತ್ತುವವರು ಬೆನ್ನಚೀಲದಲ್ಲಿ ಒಯ್ಯುತ್ತಿದ್ದ ಸೀಮೆಎಣ್ಣೆ ಸ್ಟೌ ಅದು. ಮಕ್ಕಳಿಗೆ ಅದೊಂದು ಆಟದ ಸಾಮಾನು. ಹಿರಿಯರಿಗೋ ಗ್ಯಾಸ್ ಸಿಲಿಂಡರ್ ಬರುವ ಮೊದಲು ಅಡುಗೆಮನೆಯಲ್ಲಿ ಭರ್ರೆನ್ನುತ್ತಿದ್ದ ಪಂಪು ಸ್ಟೌವಿನ ನೆನಪು. 'ಇದು ಈಗಲೂ ಉರಿದೀತೇ?' ಎಂಬ ಪ್ರಶ್ನೆ ಸಹಜ. ಬಹುಮಟ್ಟಿಗೆ ಉರಿಯುತ್ತದೆ. ಆದರೆ ಎಣ್ಣೆ ಸುರಿದು ಕಡ್ಡಿ ಗೀರುವ ಮೊದಲು ಅದರ ಹೊಟ್ಟೆಯಲ್ಲಿ ಏನು ನಡೆಯುತ್ತದೆಂದು ತಿಳಿದಿರಬೇಕು.

ಎಣ್ಣೆಯಲ್ಲ, ಆವಿ

ಬುಡ್ಡಿದೀಪದ ಉರಿ ಹಳದಿ. ಪೂರ್ತಿ ಉರಿಯದ ಇಂಗಾಲದ ಕಣಗಳು ಕಾದು ಹೊಳೆಯುವುದರಿಂದ ಆ ಬಣ್ಣ. ಅವೇ ಕಣಗಳು ಪಾತ್ರೆಯ ತಳಕ್ಕೆ ಮಸಿಯಾಗಿ ಅಂಟುತ್ತವೆ. ಮಸಿಯಿಲ್ಲದ ಉರಿ ಬೇಕಾದರೆ ಸೀಮೆಎಣ್ಣೆಯನ್ನು ಮೊದಲು ಆವಿಯಾಗಿಸಿ, ಗಾಳಿಯೊಡನೆ ಚೆನ್ನಾಗಿ ಬೆರೆಸಿ ಉರಿಸಬೇಕು. ಸ್ವೀಡನ್ನಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ 1892ರಲ್ಲಿ ಈ ತತ್ತ್ವದ ಮೇಲೆ ರೂಪಿಸಿದ ಸ್ಟೌ 'ಪ್ರೈಮಸ್' ಎಂಬ ಹೆಸರಿನಿಂದ ಜಗತ್ತನ್ನೇ ಸುತ್ತಿತು. 1911ರಲ್ಲಿ ದಕ್ಷಿಣ ಧ್ರುವ ಮುಟ್ಟಿದ ಅಮುಂಡ್‌ಸೆನ್ ತಂಡ ಹಿಮ ಕರಗಿಸಿ ಅಡುಗೆ ಮಾಡಿಕೊಂಡಿದ್ದು ಇಂಥ ಸ್ಟೌವಿನ ಮೇಲೆಯೇ.

ಅಂಥ ಜಾಗಗಳಲ್ಲಿ ಸ್ಟೌ ಕೆಟ್ಟರೆ ಅಡುಗೆಯಷ್ಟೇ ಅಲ್ಲ, ಕುಡಿಯುವ ನೀರೂ ಇಲ್ಲ. ಸುತ್ತಲೂ ಹಿಮವಿದ್ದರೂ ಅದನ್ನು ಕರಗಿಸಲು ಬೆಂಕಿ ಬೇಕು. 1953ರ ಮೇ 29ರ ಬೆಳಿಗ್ಗೆ ಎವರೆಸ್ಟಿನ ಕೊನೆಯ ಶಿಬಿರದಲ್ಲಿ ಹಿಲರಿಯವರ ಬೂಟುಗಳು ಹೆಪ್ಪುಗಟ್ಟಿ ಕಲ್ಲಾಗಿದ್ದವು. ಸ್ಟೌವಿನ ಮೇಲೆ ಅವನ್ನು ಸುಮಾರು ಎರಡು ಗಂಟೆ ಕಾಯಿಸಿದ ನಂತರವೇ ಅವರೂ ತೇನ್‌ಸಿಂಗರೂ ಶಿಖರದತ್ತ ಹೆಜ್ಜೆ ಹಾಕಿದ್ದು.

ನಾಲ್ಕು ಕೊಂಡಿಗಳ ಸರಪಳಿ

ಈ ಸ್ಟೌ ಕೆಲಸ ಮಾಡುವುದು ನಾಲ್ಕು ಹಂತಗಳಲ್ಲಿ. ಒಂದು, ಪಂಪು ಟ್ಯಾಂಕಿಗೆ ಗಾಳಿ ತುಂಬುತ್ತದೆ. ಎರಡು, ಆ ಗಾಳಿಯ ಒತ್ತಡ ಎಣ್ಣೆಯನ್ನು ಬರ್ನರಿಗೆ ಏರಿಸುತ್ತದೆ. ಮೂರು, ಬರ್ನರಿನ ಕಾದ ಕೊಳವೆಗಳಲ್ಲಿ ಎಣ್ಣೆ ಆವಿಯಾಗುತ್ತದೆ. ನಾಲ್ಕು, ಆ ಆವಿ ನಿಪ್ಪಲಿನ ಸೂಜಿಮೊನೆಯಷ್ಟು ಸಣ್ಣ ರಂಧ್ರದಿಂದ ರಭಸವಾಗಿ ಚಿಮ್ಮಿ, ಸುತ್ತಲಿನ ಗಾಳಿಯನ್ನೂ ಎಳೆದುಕೊಂಡು ನೀಲಿಯಾಗಿ ಉರಿಯುತ್ತದೆ. ಆ ಉರಿಯೇ ಕೊಳವೆಗಳನ್ನು ಕಾಯಿಸುತ್ತಲೂ ಇರುತ್ತದೆ.

ಉರಿ ಸೊರಗಿತೆಂದರೆ ಈ ಸರಪಳಿಯ ಯಾವುದೋ ಕೊಂಡಿ ಕಳಚಿದೆ ಎಂದರ್ಥ. ಅನೇಕರು ಆಗ ಮಾಡುವ ತಪ್ಪೆಂದರೆ ಇನ್ನಷ್ಟು ಪಂಪು ಹೊಡೆಯುವುದು. ನಿಪ್ಪಲು ಕಟ್ಟಿಕೊಂಡಿದ್ದರೆ ಪಂಪು ಹೊಡೆದಷ್ಟೂ ಹೆಚ್ಚುವುದು ಉರಿಯಲ್ಲ, ಟ್ಯಾಂಕಿನೊಳಗಿನ ಒತ್ತಡ. ಅಪಾಯ ಹುಟ್ಟುವುದೇ ಅಲ್ಲಿ.

ಒಂದೊಂದಾಗಿ ಪರೀಕ್ಷೆ

ಮೊದಲು ಟ್ಯಾಂಕಿನ ತಳ ನೋಡಿ. ಅದು ಹೊರಕ್ಕೆ ಉಬ್ಬಿದ್ದರೆ ಅಥವಾ ಬಿರುಕಿದ್ದರೆ ಆ ಸ್ಟೌವನ್ನು ಉರಿಸಬಾರದು, ಷೋಕೇಸಿನಲ್ಲಿಡುವುದೇ ಲೇಸು. ಟ್ಯಾಂಕು ಸರಿಯಿದ್ದರೆ ಒಳಗಿನ ಹಳೆಯ ಜಿಗುಟು ಎಣ್ಣೆಯನ್ನು ಚೆಲ್ಲಿ, ಹೊಸ ಸೀಮೆಎಣ್ಣೆಯಿಂದ ಕುಲುಕಿ ತೊಳೆಯಬೇಕು.

ಪಂಪಿನ ಹಿಡಿ ಯಾವ ತಡೆಯೂ ಇಲ್ಲದೆ ಸಲೀಸಾಗಿ ಓಡಾಡಿದರೆ ಚರ್ಮದ ವಾಷರ್ ಒಣಗಿದೆ ಎಂದು ತಿಳಿಯಿರಿ. ಅದನ್ನು ಎಣ್ಣೆಯಲ್ಲಿ ನೆನೆಸಿ, ಅಂಚನ್ನು ಬೆರಳಿನಿಂದ ಮೆಲ್ಲನೆ ಅಗಲಿಸಿದರೆ ಸಾಕು, ಎಷ್ಟೋ ವರ್ಷದ ವಾಷರ್ ಕೂಡ ಮತ್ತೆ ಗಾಳಿ ಹಿಡಿಯುತ್ತದೆ. ಒತ್ತಿದ ಹಿಡಿ ತಾನಾಗಿ ಮೇಲೇಳುತ್ತಿದ್ದರೆ ದೋಷವಿರುವುದು ಪಂಪಿನ ತಳದ ಒಮ್ಮುಖ ಕವಾಟದಲ್ಲಿ. ಅದರೊಳಗಿನ ಬೆಂಡಿನ ಅಥವಾ ರಬ್ಬರಿನ ಚೂರು ಸವೆದಿರುತ್ತದೆ. ಅದನ್ನು ಬದಲಿಸಲು ಉದ್ದನೆಯ ವಿಶೇಷ ಸ್ಪ್ಯಾನರ್ ಬೇಕು; ಬಲ್ಲವರ ಕೈಗೆ ಕೊಡುವುದು ಒಳ್ಳೆಯದು.

ಆಮೇಲೆ ಎಣ್ಣೆ ಹಾಕದೆ, ಬರೀ ಗಾಳಿಯನ್ನು ನಾಲ್ಕೈದು ಸಲ ಪಂಪು ಮಾಡಿ, ಮುಚ್ಚಳಕ್ಕೂ ಬರ್ನರಿನ ಬುಡಕ್ಕೂ ಸೋಪಿನ ನೀರು ಸವರಿ. ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕಿದಂತೆಯೇ. ಗುಳ್ಳೆ ಎದ್ದ ಕಡೆ ವಾಷರ್ ಬದಲಿಸಬೇಕು. ಬೆಸುಗೆಯಿಂದಲೇ ಗುಳ್ಳೆ ಬಂದರೆ ಅಲ್ಲಿಗೇ ಕೈಬಿಡಿ. ನಿಪ್ಪಲಿನ ರಂಧ್ರವನ್ನು ಸ್ಟೌ ತಣ್ಣಗಿರುವಾಗ, ಒತ್ತಡ ಪೂರ್ತಿ ಇಳಿಸಿದ ಮೇಲೆ, ಅದಕ್ಕೆಂದೇ ಮಾಡಿದ ಪಿನ್ನಿನಿಂದಲೇ ಚುಚ್ಚಬೇಕು. ಹೊಲಿಗೆ ಸೂಜಿ ತೂರಿಸಿದರೆ ರಂಧ್ರ ಅಗಲವಾಗಿ ಉರಿ ಹಳದಿಗೆ ತಿರುಗುತ್ತದೆ.

ಹಚ್ಚುವ ಹೊತ್ತು

ಸ್ಟೌವನ್ನು ಬಯಲಿನಲ್ಲಿ, ಸಮನಾದ ನೆಲದ ಮೇಲಿಡಿ. ಟ್ಯಾಂಕಿನ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಎಣ್ಣೆ ಬೇಡ. ಗಾಳಿ ಬಿಡುವ ತಿರುಪು ತೆರೆದಿರಲಿ. ಬರ್ನರಿನ ಕೆಳಗಿನ ಬಟ್ಟಲಿಗೆ ಸ್ಪಿರಿಟ್ ಹಾಕಿ ಹಚ್ಚಿ, ಅದು ಮುಗಿಯುತ್ತ ಬಂದಾಗ ತಿರುಪು ಮುಚ್ಚಿ ಎರಡು ಮೂರು ಸಲ ಪಂಪು ಮಾಡಿ. ಸೀಮೆಎಣ್ಣೆ ಕುದಿಯುವುದು ಸುಮಾರು 150ರಿಂದ 300 ಡಿಗ್ರಿ ಸೆಲ್ಸಿಯಸ್ ನಡುವೆ. ಕೊಳವೆಗಳು ಅಷ್ಟು ಕಾಯುವ ಮೊದಲೇ ಆತುರಪಟ್ಟರೆ ಆವಿಯ ಬದಲು ಎಣ್ಣೆಯೇ ಚಿಮ್ಮಿ ಹಳದಿ ಉರಿ ಆಳೆತ್ತರಕ್ಕೆ ಏಳುತ್ತದೆ. ಹಾಗಾದಾಗ ತಿರುಪನ್ನು ತಕ್ಷಣ ಸಡಿಲಿಸಬೇಕು. ಒತ್ತಡ ಇಳಿದು, ಎಣ್ಣೆ ಮೇಲೇರುವುದು ನಿಲ್ಲುತ್ತದೆ.

ಸೀಮೆಎಣ್ಣೆಯ ಸ್ಟೌವಿಗೆ ಪೆಟ್ರೋಲ್ ಹಾಕುವ ಸಾಹಸ ಎಂದಿಗೂ ಕೂಡದು. ಪೆಟ್ರೋಲ್ ಚಳಿಯಲ್ಲೂ ಆವಿಯಾಗಿ ಬೆಂಕಿ ಹಿಡಿಯುವಂಥದು. ಪೆಟ್ರೋಲಿಗಾಗಿಯೇ ಮಾಡಿದ, ಪಂಪಿಲ್ಲದ ಪ್ರವಾಸಿ ಸ್ಟೌಗಳೂ ಇವೆ. ಕೈಗೆ ಬಂದದ್ದು ಯಾವುದೆಂದು ಮೊದಲೇ ಖಚಿತ ಮಾಡಿಕೊಳ್ಳಿ. ಉರಿಯುವ ಅಥವಾ ಬಿಸಿಯಿರುವ ಸ್ಟೌವಿಗೆ ಎಣ್ಣೆ ತುಂಬಬಾರದು. ಜೋಲಾಡುವ ಬಟ್ಟೆ ತೊಟ್ಟು ಹತ್ತಿರ ಹೋಗಬಾರದು. ಪಕ್ಕದಲ್ಲಿ ಒಂದು ಬಕೆಟ್ ಮರಳಿರಲಿ. ಹಚ್ಚುವುದು ಹಿರಿಯರ ಕೆಲಸ. ಮಕ್ಕಳು ದೂರ ನಿಂತು ನೋಡಲಿ.

ಎಲ್ಲ ಕೊಂಡಿಗಳೂ ಕೂಡಿದರೆ ಉರಿ ಹಳದಿಯಿಂದ ನೀಲಿಗೆ ತಿರುಗುತ್ತದೆ, ಹಳೆಯ ಭರ್ರೆನ್ನುವ ಸದ್ದು ಮರಳುತ್ತದೆ. ಅಂದು ಆ ಉರಿಯ ಮೇಲೆ ಕಾಫಿಗೆ ನೀರಿಟ್ಟು, ಪಾತ್ರೆಯ ತಳವನ್ನು ಮಕ್ಕಳಿಗೆ ತೋರಿಸಿ. ಅಲ್ಲಿ ಮಸಿಯಿಲ್ಲದಿದ್ದರೆ ಅಜ್ಜನ ಸ್ಟೌ ಪರೀಕ್ಷೆಯಲ್ಲಿ ಪಾಸಾದಂತೆ.