ಊಹೆಗೆ ಸಿಗದ ಸಂಖ್ಯೆ

ಚೌಕಾಬಾರದಲ್ಲಿ ಕವಡೆ ಎಸೆಯುವವನಿಗೆ ಎಷ್ಟು ಬೀಳುವುದೆಂಬುದು ಮೊದಲೇ ತಿಳಿಯದು, ಎದುರಾಳಿಗೂ ತಿಳಿಯದು. ಈ ಅನಿಶ್ಚಯದಿಂದಲೇ ಆಟವು ನ್ಯಾಯವಾಗಿ ಸಾಗುವುದು. ಗುಪ್ತಲಿಪಿಶಾಸ್ತ್ರಕ್ಕೂ ಇಂತಹ ಸಂಖ್ಯೆಗಳೇ ಆಧಾರ. ಗೊರವನಹಳ್ಳಿಯ ಮಹಾಲಕ್ಷ್ಮಿಯ ದರ್ಶನಕ್ಕೆ ಬಂದವರು ಹಣ್ಣುಕಾಯಿಯ ಬೆಲೆಯನ್ನು ಫೋನಿನಿಂದ ಸಲ್ಲಿಸಿದರೆ, ಆ ಸಂದೇಶವು ಅನ್ಯರ ಕಣ್ಣಿಗೆ ಬೀಳದಂತೆ ಬೀಗ ಹಾಕಿಕೊಂಡು ಸಾಗುವುದು. ಆ ಬೀಗದ ಕೈಯೆಂದರೆ ಒಂದು ಬಹು ದೊಡ್ಡ ಸಂಖ್ಯೆ. ಯಾರೂ ಊಹಿಸಲಾರದಂತೆ ಅದನ್ನು ಆರಿಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಸಂಖ್ಯಾಶಾಸ್ತ್ರಜ್ಞರಿಗೆ ಯಾದೃಚ್ಛಿಕ ಸಂಖ್ಯೆಗಳು ಹೊಸವಲ್ಲ. 1927ರಲ್ಲಿ ಟಿಪ್ಪೆಟ್ ಎಂಬುವರು 41,600 ಅಂಕಿಗಳ ಕೋಷ್ಟಕವನ್ನು ಪ್ರಕಟಿಸಿದರು. 1955ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯು ಹತ್ತು ಲಕ್ಷ ಅಂಕಿಗಳ ಪುಸ್ತಕವನ್ನೇ ಹೊರತಂದಿತು. ಮಾದರಿ ಸಮೀಕ್ಷೆಗೆ ಇವು ಸಾಕು. ಆದರೆ ಅಚ್ಚಾದ ಸಂಖ್ಯೆ ಗುಟ್ಟಾಗಿ ಉಳಿಯದು. ಇನ್ನು ಗಣಕಯಂತ್ರವೋ ವಿಧೇಯ ಸೇವಕ. ಅದೇ ಅಪ್ಪಣೆಗೆ ಅದೇ ಉತ್ತರ ಕೊಡುವುದು ಅದರ ಸ್ವಭಾವ. ಆದ್ದರಿಂದ ಮೊದಲು ಹೊರಗಿನಿಂದ ಊಹಾತೀತವಾದ ಒಂದು 'ಬೀಜ'ವನ್ನು ಪಡೆದು, ಅದನ್ನೇ ಸೂತ್ರದಿಂದ ಉದ್ದವಾದ ಸಂಖ್ಯಾಸರಣಿಯಾಗಿ ಬೆಳೆಸುವರು. ಬಿತ್ತಿದಂತೆ ಬೆಳೆ. ಸೂತ್ರವೆಷ್ಟೇ ಉತ್ತಮವಾಗಿದ್ದರೂ ಬೀಜವು ಜೊಳ್ಳಾದರೆ ಫಲವಿಲ್ಲ.

ಇದಕ್ಕೆ ಉದಾಹರಣೆ ಬೇಕಾದರೆ ದೂರ ಹೋಗಬೇಕಾಗಿಲ್ಲ. ಓಪನ್‌ಎಸ್‌ಎಸ್‌ಎಲ್ ಎಂಬುದು ಲೋಕದ ಅಸಂಖ್ಯಾತ ಗಣಕಗಳು ಬಳಸುವ ಗುಪ್ತಲಿಪಿ ತಂತ್ರಾಂಶ ಭಂಡಾರ. 2006ರಲ್ಲಿ ಡೆಬಿಯನ್ ಎಂಬ ವ್ಯವಸ್ಥೆಗೆ ಅದನ್ನು ಅಳವಡಿಸುವಾಗ, ತಪಾಸಣಾ ಉಪಕರಣವು ಆಕ್ಷೇಪಿಸಿತೆಂದು ಒಂದು ಸಾಲನ್ನು ತೆಗೆದುಹಾಕಲಾಯಿತು. ಬೀಜಕ್ಕೆ ಅನಿಶ್ಚಯವನ್ನು ಬೆರೆಸುತ್ತಿದ್ದುದು ಆ ಸಾಲೇ! ಉಳಿದುದು ಚಾಲನೆಯಲ್ಲಿರುವ ಕಾರ್ಯಕ್ಕೆ ಯಂತ್ರವು ಕೊಡುವ ಕ್ರಮಸಂಖ್ಯೆ ಮಾತ್ರ. ಅದು ಸುಮಾರು 32,768ನ್ನು ಮೀರದು. ನಿಜವಾಗಿ ಬೀಗದ ಕೈಗಳ ಸಾಧ್ಯತೆಗಳನ್ನು ಎಣಿಸಲು 39 ಅಂಕಿಗಳ ಸಂಖ್ಯೆಯಾದರೂ ಬೇಕು. ಸೆಕೆಂಡಿಗೆ ಒಂದರಂತೆ ಪರೀಕ್ಷಿಸಿದರೂ ಆ 32,768 ಸಾಧ್ಯತೆಗಳು ಒಂಬತ್ತು ಗಂಟೆಗಳಲ್ಲಿ ಮುಗಿದುಹೋಗುವುವು. ದೋಷವು ಹೊರಬಿದ್ದುದು 2008ರ ಮೇ ತಿಂಗಳಲ್ಲಿ. ಅಷ್ಟರವರೆಗೆ ಏಕೆ ತಿಳಿಯಲಿಲ್ಲ? ಏಕೆಂದರೆ ಹೊರಬಂದ ಸಂಖ್ಯೆಗಳು ನೋಡುವುದಕ್ಕೆ ಅಸ್ತವ್ಯಸ್ತವಾಗಿಯೇ ಇದ್ದವು. ಬೆಳೆಯನ್ನು ನೋಡಿ ಈ ರೋಗವನ್ನು ಹೇಳಲಾಗದು, ಬೀಜವನ್ನೇ ಪರೀಕ್ಷಿಸಬೇಕು.

ಆದುದರಿಂದ ಹಳೆಯ ಕ್ರಮವನ್ನು ತಿದ್ದುವುದು ಅಗತ್ಯವಾಯಿತು. 2014ರಲ್ಲಿ ಲಿನಕ್ಸ್ ವ್ಯವಸ್ಥೆಯು ಹೊಸದೊಂದು ಕರೆಯನ್ನು ಒದಗಿಸಿತು: ಯಂತ್ರಾಂಶದ ಘಟನೆಗಳ ಕಾಲವ್ಯತ್ಯಾಸ ಮುಂತಾದವುಗಳಿಂದ ಸಾಕಷ್ಟು ಅನಿಶ್ಚಯ ಕೂಡುವವರೆಗೆ ಅದು ಕೇಳಿದವರನ್ನು ಕಾಯಿಸುವುದು, ಅರೆಬೆಂದುದನ್ನು ಬಡಿಸದು. 2018ರ ಸೆಪ್ಟೆಂಬರಿನಲ್ಲಿ ಹೊರಬಂದ ಓಪನ್‌ಎಸ್‌ಎಸ್‌ಎಲ್ 1.1.1ರಲ್ಲಿ ಯಾದೃಚ್ಛಿಕ ಸಂಖ್ಯೆಗಳ ಭಾಗವನ್ನು ಪೂರ್ತಿಯಾಗಿ ಹೊಸದಾಗಿ ಬರೆದರು. ತಮ್ಮದೇ ಹಳೆಯ ಸೂತ್ರವನ್ನು ಬಿಟ್ಟು, ಬಹಿರಂಗವಾಗಿ ವಿಮರ್ಶೆಗೊಂಡ ಪ್ರಮಾಣಬದ್ಧ ವಿಧಾನವನ್ನು ಕೈಗೊಂಡರು. ಲೋಕಕ್ಕೆ ಕಾಣುವ ಸಂಖ್ಯೆಗಳಿಗೂ ಗುಟ್ಟಾಗಿರಬೇಕಾದವುಗಳಿಗೂ ಬೇರೆ ಬೇರೆ ಮೂಲಗಳನ್ನಿಟ್ಟರು. ಒಂದು ಕಾರ್ಯವು ಕವಲೊಡೆದು ಎರಡಾದಾಗ ಎರಡಕ್ಕೂ ಒಂದೇ ಸರಣಿ ಹೋಗದಂತೆ ಬೀಜವನ್ನು ಬದಲಿಸುವ ಏರ್ಪಾಡನ್ನೂ ಮಾಡಿದರು.

ಉತ್ತಮ ಬೀಜದ ಅನ್ವೇಷಣೆ ನಮ್ಮ ನಾಡಿನಲ್ಲಿಯೂ ನಡೆದಿದೆ. ಸರ್ ಸಿ. ವಿ. ರಾಮನ್ನರು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ಇತರ ಸಂಸ್ಥೆಗಳವರೊಡನೆ ಸೇರಿ, ಬೆಳಕಿನ ಕಣಗಳ ಕ್ವಾಂಟಂ ವರ್ತನೆಯಿಂದ ಒಂಬತ್ತು ಲಕ್ಷಕ್ಕೂ ಮಿಕ್ಕಿ ಬಿಟ್‌ಗಳನ್ನು ಪಡೆದು, ಆ ಫಲಿತಾಂಶವನ್ನು 2024ರಲ್ಲಿ ಪ್ರಕಟಿಸಿದರು. ಇಲ್ಲಿ ಅನಿಶ್ಚಯಕ್ಕೆ ಪ್ರಕೃತಿಯ ನಿಯಮವೇ ಸಾಕ್ಷಿ.

ಪಾವಗಡ, ಶಿರಾ, ಮಧುಗಿರಿಯ ರೈತನು ಕಡಲೆಕಾಯಿ ಮಾರಿದ ಹಣವನ್ನು ಬ್ಯಾಂಕಿನಲ್ಲಿಡುವಾಗ ಈ ಬೀಜದ ಮಾತನ್ನು ಕೇಳಿರಲಾರನು, ಕೇಳಬೇಕಾದುದೂ ಇಲ್ಲ. ಹಾಗೆ ಕೇಳದೆ ನಂಬುವವರು ಕೋಟ್ಯಂತರ ಮಂದಿ ಇರುವುದರಿಂದಲೇ, ಒಂದು ಸಾಲನ್ನು ಅಳಿಸುವ ಮುನ್ನ ಅದು ಅಲ್ಲಿ ಏಕಿದೆಯೆಂದು ವಿಚಾರಿಸುವುದು ತಿಳಿದವರ ಕರ್ತವ್ಯ.