ಮಗಳ ರೇಸ್ ಕಾರು, ನನ್ನ ಲೇತ್

ಸಾಕಿನಾಕಾದ ಇಂಡಸ್ಟ್ರಿಯಲ್ ಎಸ್ಟೇಟೊಂದರಲ್ಲಿ ನನ್ನದೊಂದು ಸಣ್ಣ ಗಾಲಾ ಇದೆ. ಎರಡು ಲೇತ್, ಒಂದು ಮಿಲ್ಲಿಂಗ್ ಮೆಷಿನ್, ಜೊತೆಗೆ ಮೂವರು ಕೆಲಸಗಾರರು. 1986ರಲ್ಲಿ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು, ಹಗಲು ಫೋರ್ಟಿನ ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಹತ್ತನೇ ಕ್ಲಾಸು ಮುಗಿಸಿ, ಆಮೇಲೆ ಲೇತ್ ಹಿಡಿದವನು ನಾನು. ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದ್ದು ಮಗಳ ಅಡ್ಮಿಶನ್ ಮಾಡಿಸಲು ಮಾತ್ರ.

ಎರಡನೇ ವರ್ಷದಲ್ಲಿ ಅವಳು ಕಾಲೇಜಿನ ರೇಸಿಂಗ್ ಟೀಮ್ ಸೇರಿದಳು. ಉಗುರಿನ ಸಂದಿಯಲ್ಲೆಲ್ಲ ಗ್ರೀಸ್ ಮೆತ್ತಿಕೊಂಡು ರಾತ್ರಿ ಹನ್ನೊಂದರ ಲೋಕಲ್‌ನಲ್ಲಿ ಮನೆಗೆ ಬರುವುದು ಶುರುವಾಯಿತು. "ಇವಳನ್ನು ಓದಲಿಕ್ಕೆ ಕಳಿಸಿದ್ದಾ, ಗ್ಯಾರೇಜಿಗೆ ಕಳಿಸಿದ್ದಾ?" ಎಂದು ಹೆಂಡತಿ ನನ್ನನ್ನು ಕೇಳುತ್ತಿದ್ದಳು. ನನ್ನ ಹತ್ತಿರವೂ ಉತ್ತರ ಇರಲಿಲ್ಲ. ಈ ಗ್ರೀಸು ನನ್ನ ಕೈಗೇ ಮುಗಿಯಲಿ ಎಂದಲ್ಲವೇ ಅವಳನ್ನು ಓದಿಸಿದ್ದು?

ನಮ್ಮ ಹಾಗೆ ತಲೆ ಬಿಸಿ ಮಾಡಿಕೊಂಡ ತಂದೆತಾಯಿಯರು ಇನ್ನೂ ಇರಬಹುದು. ಹಾಗಾಗಿ ಇದು ಏನೆಂದು ಮೊದಲು ಹೇಳಿಬಿಡುತ್ತೇನೆ. ವಿದ್ಯಾರ್ಥಿಗಳೇ ಒಂದು ಕಾರನ್ನು ವಿನ್ಯಾಸ ಮಾಡಿ, ಕಟ್ಟಿ, ಓಡಿಸುವ ಸ್ಪರ್ಧೆಗಳು ಅಮೆರಿಕದಲ್ಲಿ ಶುರುವಾದವು. ಮಣ್ಣು ದಾರಿಯ ಬಾಜಾ 1976ರಲ್ಲಿ, ರೇಸ್ ಕಾರಿನ ಫಾರ್ಮುಲಾ ಎಸ್‌ಎಇ 1981ರಲ್ಲಿ. ನಮ್ಮ ದೇಶದ ಬಾಜಾ 2007ರಲ್ಲಿ ಇಂದೋರ್ ಬಳಿಯ ಪೀತಂಪುರದಲ್ಲಿ ಆರಂಭವಾಯಿತು. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲಿ ಫಾರ್ಮುಲಾ ಭಾರತ್ ನಡೆಯುತ್ತದೆ. ಮುಂಬಯಿಯಲ್ಲಿ ವಿದ್ಯಾವಿಹಾರದ ಸೋಮಯ್ಯ ಕಾಲೇಜಿನ ಓರಿಯನ್ ರೇಸಿಂಗ್ ಹಳೆಯ ಹೆಸರು. ಪೊವಾಯಿಯ ಐಐಟಿ ಮಕ್ಕಳು ತಮ್ಮ ವಿದ್ಯುತ್ ಕಾರನ್ನು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ವರೆಗೆ ಒಯ್ದವರು. ಊರ ಕಡೆ ಮಣಿಪಾಲದಲ್ಲಿ ಫಾರ್ಮುಲಾ ಮಣಿಪಾಲ್, ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ ಅಶ್ವ ರೇಸಿಂಗ್ ಇವೆ.

ಇದು ಬರೀ ಓಟವಲ್ಲ. ಒಟ್ಟು 1000 ಅಂಕಗಳಲ್ಲಿ ಸುಮಾರು ಮೂರನೇ ಒಂದು ಪಾಲು ಕಾರು ನಿಂತಲ್ಲೇ ಸಿಗುವಂಥದ್ದು. ವಿನ್ಯಾಸ ಹೀಗೇಕೆ, ಖರ್ಚು ಇಷ್ಟೇಕೆ, ಇದನ್ನು ಮಾರುವುದು ಹೇಗೆ ಎಂದು ತೀರ್ಪುಗಾರರು ಕೇಳುತ್ತಾರೆ. ಟ್ರ್ಯಾಕಿಗೆ ಇಳಿಯುವ ಮೊದಲು ತಪಾಸಣೆ ಇದೆ. ಕಾರನ್ನು 60 ಡಿಗ್ರಿ ವಾಲಿಸಿದರೂ ಒಂದು ಹನಿ ಸೋರಬಾರದು. ಬ್ರೇಕ್ ಒತ್ತಿದರೆ ನಾಲ್ಕೂ ಚಕ್ರ ಒಟ್ಟಿಗೆ ಕಚ್ಚಿಕೊಳ್ಳಬೇಕು. ಡ್ರೈವರ್ 5 ಸೆಕೆಂಡಿನಲ್ಲಿ ಹೊರಗೆ ಬರಬೇಕು. ಪೆಟ್ರೋಲ್ ಕಾರಾದರೆ ಎಂಜಿನ್ನಿಗೆ ಹೋಗುವ ಗಾಳಿಯೆಲ್ಲ 20 ಮಿಲಿಮೀಟರ್ ತೂತಿನಿಂದಲೇ ಹೋಗಬೇಕು. ಶಕ್ತಿ ಮಿತಿ ಮೀರದಿರಲಿ ಎಂದು ಈ ನಿಯಮ. ಕೊನೆಯಲ್ಲಿ 22 ಕಿಲೋಮೀಟರಿನ ಎಂಡ್ಯೂರೆನ್ಸ್. ನಡುವೆ ಡ್ರೈವರ್ ಬದಲಾಗುತ್ತಾರೆ, ಕಾರು ಮಾತ್ರ ತಾಳಬೇಕು.

ಮಗಳ ಟೀಮಿನಲ್ಲಿ ಮೂವತ್ತು ಮಕ್ಕಳು. ಚಾಸಿ, ಸಸ್ಪೆನ್ಶನ್, ಬ್ರೇಕ್, ವಯರಿಂಗ್ ಎಂದು ಗುಂಪುಗಳು. ಹಣ ಕೇಳಿಕೊಂಡು ಕಂಪನಿಗಳ ಬಾಗಿಲು ತಟ್ಟುವುದಕ್ಕೇ ಬೇರೆ ಗುಂಪು. ಎಂಜಿನ್ ಕೆಟಿಎಂ 390 ಬೈಕಿನದು. ಅದರ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಮುಟ್ಟಿಸುವ ಭಾಗ ಇವಳ ಜವಾಬ್ದಾರಿ.

ಒಂದು ಶನಿವಾರ ಡ್ರಾಯಿಂಗ್ ಹಿಡಿದುಕೊಂಡು ನನ್ನ ಗಾಲಾಕ್ಕೇ ಬಂದಳು. "ಪಪ್ಪಾ, ಈ ಶಾಫ್ಟ್ ಮಾಡಿಕೊಡ್ತೀರಾ?" ನೋಡಿದರೆ ಎಲ್ಲ ಅಳತೆಗೂ ನೂರನೇ ಒಂದು ಮಿಲಿಮೀಟರಿನ ನಿಖರತೆ ಕೇಳಿದ್ದಳು. ಬೇರಿಂಗ್ ಕೂರುವಲ್ಲಿ ಬಿಟ್ಟರೆ ಉಳಿದ ಕಡೆ ಅಷ್ಟು ಬೇಕಿಲ್ಲ, ಸುಮ್ಮನೆ ಖರ್ಚು ಎಂದೆ. ತಿದ್ದಿಕೊಂಡಳು.

ಇನ್ನೊಂದನ್ನೂ ನೋಡಿದ್ದೆ. ಶಾಫ್ಟು ದಪ್ಪದಿಂದ ಸಣ್ಣಕ್ಕೆ ಇಳಿಯುವ ಸ್ಟೆಪ್ಪಿನಲ್ಲಿ ರೇಡಿಯಸ್ ಬರೆದಿರಲಿಲ್ಲ. ಅಂದರೆ ಅಲ್ಲಿ ಚೂಪು ಮೂಲೆ. ತಿರುಚುವ ಹೊರೆಯೆಲ್ಲ ಅಂಥ ಮೂಲೆಯಲ್ಲೇ ಬಂದು ಸೇರುತ್ತದೆ, ಬಿರುಕು ಅಲ್ಲಿಂದಲೇ ಹೊರಡುತ್ತದೆ. ಮೂವತ್ತು ವರ್ಷದ ಲೇತ್ ಕೆಲಸದಲ್ಲಿ ನನಗೆ ಇದು ಗೊತ್ತಿತ್ತು. ಆದರೆ ಆ ವಾರ ಗಿರಾಕಿಯೊಬ್ಬರ ಅರ್ಜೆಂಟ್ ಆರ್ಡರ್ ಇತ್ತು. ಮಕ್ಕಳ ಆಟ, ನಾಲ್ಕು ಸುತ್ತು ಓಡಿಸಿ ಬಿಡುತ್ತಾರೆ ಎಂದುಕೊಂಡೆ. ಕಾಗದದಲ್ಲಿ ಇದ್ದ ಹಾಗೆಯೇ ಚೂಪಾಗಿ ತಿರುಗಿಸಿ ಕೊಟ್ಟೆ.

ಕೊಯಮತ್ತೂರಿನಲ್ಲಿ ಕಾರು ಎಲ್ಲ ತಪಾಸಣೆ ದಾಟಿತು. ಎಂಡ್ಯೂರೆನ್ಸ್‌ನಲ್ಲಿ ಡ್ರೈವರ್ ಬದಲಾಗಿ ಮೂರು ಸುತ್ತು ಆಗುವುದರೊಳಗೆ ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವುದು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಕಾರನ್ನು ಮಾತ್ರ ತಳ್ಳಿಕೊಂಡು ಹೊರಗೆ ತಂದರು. ಒಂದು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು.

ಊರಿಗೆ ಮರಳಿದವಳು ಮುರಿದ ತುಂಡನ್ನು ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಬೆಂಚಿನ ಮೇಲೆ ಇಟ್ಟಳು. ಒಡೆದ ಮುಖದ ಅರ್ಧ ಭಾಗ ನಯವಾಗಿತ್ತು, ಕಪ್ಪೆಚಿಪ್ಪಿನ ಮೇಲಿನಂಥ ಗೆರೆಗಳು. ಉಳಿದರ್ಧ ಒರಟು. ಎಂದರೆ ಒಮ್ಮೆಲೇ ಮುರಿದದ್ದಲ್ಲ, ಪ್ರಾಕ್ಟೀಸಿನ ದಿನಗಳಿಂದಲೇ ಮೂಲೆಯಲ್ಲಿ ಬಿರುಕು ಬೆಳೆಯುತ್ತ ಬಂದಿತ್ತು.

"ನನ್ನದೇ ತಪ್ಪು ಅಂತ ಮೀಟಿಂಗ್‌ನಲ್ಲಿ ಹೇಳಿದೆ ಪಪ್ಪಾ. ಟೀಮ್ ಬಿಡ್ತೇನೆ" ಎಂದಳು.

ಸುಮ್ಮನಿರಬಹುದಿತ್ತು. ಹೆಂಡತಿಗೂ ಅದೇ ಬೇಕಿತ್ತು. ಆದರೆ ಆ ತುಂಡು ಕಣ್ಣೆದುರಿಗೆ ಇತ್ತು. "ನಾನು ನೋಡಿದ್ದೆ ಮಗಾ. ಹೇಳಲಿಲ್ಲ" ಎಂದೆ.

ಬಹಳ ಹೊತ್ತು ಅವಳು ಮಾತಾಡಲಿಲ್ಲ. ಆಮೇಲೆ ಹಳೆಯ ಡ್ರಾಯಿಂಗ್ ತೆಗೆದು ಮೂಲೆಯ ಚೌಕ ತೋರಿಸಿದಳು. ಬಿಡಿಸಿದವರು ಎಂಬಲ್ಲಿ ಅವಳ ಹೆಸರು. ಪರಿಶೀಲಿಸಿದವರು ಎಂಬಲ್ಲಿ ಖಾಲಿ. ಮೂವತ್ತು ಮಕ್ಕಳಿದ್ದರೂ ಅದನ್ನು ಇನ್ನೊಂದು ಕಣ್ಣು ನೋಡಿರಲಿಲ್ಲ. ನೋಡಿದ ಒಂದೇ ಕಣ್ಣು ನನ್ನದು, ಅದು ಬಾಯಿ ಬಿಟ್ಟಿರಲಿಲ್ಲ.

ಅವಳು ಟೀಮ್ ಬಿಡಲಿಲ್ಲ. ಎರಡು ಸಹಿ ಇಲ್ಲದ ಡ್ರಾಯಿಂಗ್ ವರ್ಕ್‌ಶಾಪಿಗೆ ಹೋಗಬಾರದು ಎಂದು ಈಗ ಅಲ್ಲಿ ನಿಯಮ. ಮುರಿದ ತುಂಡು ಟೀಮಿನ ಕಪಾಟಿನಲ್ಲಿದೆ, ಹೊಸಬರಿಗೆ ಮೊದಲ ದಿನವೇ ತೋರಿಸುತ್ತಾರಂತೆ. ಈ ಸ್ಪರ್ಧೆಗಳಿಗೆ ವರ್ಷವರ್ಷ ಹೊಸ ಕಾರು ಕಟ್ಟಬೇಕು. ಕಟ್ಟಿದವರು ಪಾಸಾಗಿ ಹೋಗುತ್ತಾರೆ. ಹಿರಿಯರು ಕಿರಿಯರಿಗೆ ದಾಟಿಸಿದ್ದು ಮಾತ್ರ ಉಳಿಯುತ್ತದೆ. ಊರಿನಿಂದ ಬಂದ ಹುಡುಗನಿಗೆ ರಾತ್ರಿ ಶಾಲೆಯ ದಾರಿ ತೋರಿಸಿದವರು ನಮಗೂ ಇದ್ದರಲ್ಲ, ಹಾಗೆಯೇ.

ತಂದೆತಾಯಿಯರಿಗೆ ನನ್ನದೊಂದು ಮಾತು. ಮಗ ಅಥವಾ ಮಗಳು ಇಂಥ ಟೀಮ್ ಸೇರಿದರೆ, ಗೆದ್ದಿರಾ ಎಂದು ಆಮೇಲೆ ಕೇಳಿ. ನಿನ್ನ ಕೆಲಸವನ್ನು ಯಾರು ಪರಿಶೀಲಿಸುತ್ತಾರೆ, ನೀನು ಯಾರದನ್ನು ಪರಿಶೀಲಿಸುತ್ತೀ ಎಂದು ಮೊದಲು ಕೇಳಿ. ಪರೀಕ್ಷೆಯಲ್ಲಿ ಪಕ್ಕದವನ ಪೇಪರು ನೋಡುವುದು ತಪ್ಪು, ಕೆಲಸದಲ್ಲಿ ನೋಡದಿರುವುದೇ ತಪ್ಪು. ಕಾಲೇಜಿನಲ್ಲಿ ಇದನ್ನು ಕಲಿಯುವ ಜಾಗ ಹೆಚ್ಚಿಲ್ಲ.

ಕಳೆದ ತಿಂಗಳು ಎರಡನೇ ವರ್ಷದ ಹುಡುಗನೊಬ್ಬ ಹೊಸ ಶಾಫ್ಟಿನ ಡ್ರಾಯಿಂಗ್ ತಂದ. ಎರಡೂ ಸಹಿ ಇದ್ದವು, ಎರಡನೆಯದು ನನ್ನ ಮಗಳದೇ. ಸ್ಟೆಪ್ಪಿಗೆ ಧಾರಾಳವಾಗಿ 3 ಮಿಲಿಮೀಟರ್ ರೇಡಿಯಸ್ ಕೊಟ್ಟಿದ್ದರು. ಆದರೆ ಅಲ್ಲಿ ಕೂರಬೇಕಾದ ಬೇರಿಂಗಿನ ಒಳ ಅಂಚಿನ ರೇಡಿಯಸ್ ಬರೀ 1 ಮಿಲಿಮೀಟರ್. ಹೀಗೆ ಮಾಡಿದರೆ ಬೇರಿಂಗ್ ಸ್ಟೆಪ್ಪಿಗೆ ಒತ್ತಿ ಕೂರುವುದೇ ಇಲ್ಲ.

ಆ ದಿನವೂ ಅರ್ಜೆಂಟ್ ಆರ್ಡರ್ ಇತ್ತು. ಲೇತ್ ನಿಲ್ಲಿಸಿ ಮಗಳಿಗೆ ಫೋನ್ ಮಾಡಿದೆ. ಸಂಜೆ ಇಬ್ಬರೂ ಬಂದರು, ಅಂಚು ಕೆತ್ತಿದ ಒಂದು ಸ್ಪೇಸರ್ ರಿಂಗ್ ನಡುವೆ ಹಾಕುವುದೆಂದು ತೀರ್ಮಾನವಾಯಿತು. ಹುಡುಗ ತಿದ್ದಿದ ಕಾಗದವನ್ನು ನನ್ನ ಮುಂದೆ ಹಿಡಿದು, "ಅಂಕಲ್, ನೀವೂ ಒಂದು ಸಹಿ ಹಾಕಿ" ಎಂದ.

ಮಗಳ ಹೆಸರಿನ ಕೆಳಗೆ, ಕನ್ನಡದಲ್ಲೇ ಹಾಕಿದೆ.